ಎಣಿಕೆಯ ಆಟ, ಎಣಿಕೆಯ ಮಾತು: ಮುಂಬಯಿಯ ಕನ್ನಡ ಎಳೆಯರ ತರಗತಿಯಲ್ಲಿ ಕಂಡ ಕೆಲವು ಸಂಗತಿಗಳು

ಭಾಷಾ ಸಾಹಿತ್ಯಗಳ ಅಧ್ಯಯನಕ್ಕೆ ಮೀಸಲಾದ ವಿಭಾಗವೊಂದು ಹೊರತರುವ ಸಂಸ್ಮರಣ ಸಂಪುಟದಲ್ಲಿ ಎಳೆಯ ಮಕ್ಕಳ ಅಂಕಗಣಿತವನ್ನು ಕುರಿತ ಲೇಖನಕ್ಕೆ ಎಡೆಯುಂಟೇ ಎಂಬ ಪ್ರಶ್ನೆ ಏಳುವುದು ಸಹಜ. ಶಾಸನ, ಛಂದಸ್ಸು, ವಚನ, ಕಾದಂಬರಿಗಳ ನಡುವೆ ಹುಣಸೆಬೀಜದ ಲೆಕ್ಕವನ್ನು ತಂದಿಡುವ ಸಾಹಸಕ್ಕೆ ನಾನು ಕೈಹಾಕಿರುವುದಕ್ಕೆ ಕಾರಣವಿದೆ. ಸಂಖ್ಯಾವಾಚಕಗಳು ಭಾಷೆಯ ಶಬ್ದಭಂಡಾರದಲ್ಲಿ ಅತ್ಯಂತ ಹಳೆಯ, ಅತ್ಯಂತ ಗಟ್ಟಿಯಾದ ಪದರಕ್ಕೆ ಸೇರಿದವು ಎಂದು ನಾವು ನಮ್ಮ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇವೆ. ಆದರೆ ಹೊರನಾಡಿನ ಕನ್ನಡ ಕುಟುಂಬಗಳಲ್ಲಿ ಮೊದಲು ಕಳಚಿ ಬೀಳುವ ಪದರವೂ ಅದೇ ಎಂಬುದು ನನ್ನ ಅನುಭವ. ಸ್ನಾತಕೋತ್ತರ ತರಗತಿಯಲ್ಲಿ ಪಂಪನನ್ನು ಸೊಗಸಾಗಿ ಓದುವ ವಿದ್ಯಾರ್ಥಿನಿಯೊಬ್ಬಳು ಪುಟಸಂಖ್ಯೆಯನ್ನು ಹೇಳುವಾಗ ಮರಾಠಿಗೆ ಜಾರುತ್ತಾಳೆ. ದೂರವಾಣಿ ಸಂಖ್ಯೆಯನ್ನಂತೂ ಕನ್ನಡದಲ್ಲಿ ಹೇಳುವವರನ್ನು ನಾನು ಈ ಊರಿನಲ್ಲಿ ಕಂಡದ್ದು ಕಡಿಮೆ. ಕನ್ನಡದಲ್ಲಿ ಎಣಿಸದವರು ಕನ್ನಡದಲ್ಲಿ ಲೆಕ್ಕ ಹಾಕುವುದಿಲ್ಲ. ಲೆಕ್ಕ ಹಾಕದ ಭಾಷೆ ಅಂಗಡಿ, ಅಡುಗೆಮನೆ, ಬಸ್ಸುಗಳಿಂದ ಹಿಂದೆ ಸರಿದು ಸಭಾಮಂಟಪಕ್ಕೆ ಸೀಮಿತವಾಗುತ್ತದೆ. ಈ ದೃಷ್ಟಿಯಿಂದ ಒಂದನೆಯ ತರಗತಿಯ ಎಣಿಕೆಯಾಟ ಕನ್ನಡ ವಿಭಾಗದ ಕಾಳಜಿಯೂ ಹೌದು.

ಪ್ರಸ್ತುತ ಲೇಖನಕ್ಕೆ ಆಧಾರವಾದದ್ದು ಮುಂಬಯಿಯ ಉಪನಗರವೊಂದರ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ, ಒಂದು ಶೈಕ್ಷಣಿಕ ವರ್ಷದ ಶನಿವಾರಗಳಂದು ನಾನು ಕುಳಿತು ಕಂಡ ತರಗತಿ. ಶಾಲೆಯ ಹೆಸರು ಇಲ್ಲಿ ಅಗತ್ಯವಿಲ್ಲ. ಒಂದನೆಯ ತರಗತಿಯಲ್ಲಿದ್ದವರು ಹನ್ನೊಂದು ಮಕ್ಕಳು. ಅವರಲ್ಲಿ ಹಲವರು ತುಳು ಮನೆಮಾತಿನವರು, ಕೆಲವರು ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು.

ಹಾಡಿಗೂ ಎಣಿಕೆಗೂ ಇರುವ ಅಂತರ

ಮೊದಲ ಶನಿವಾರವೇ ನಾನೊಂದು ತಪ್ಪು ಮಾಡಿದೆ. ಮಕ್ಕಳು ಒಂದರಿಂದ ಐವತ್ತರವರೆಗೆ ರಾಗವಾಗಿ, ಒಕ್ಕೊರಲಿನಿಂದ ಹೇಳಿದುದನ್ನು ಕೇಳಿ ಶಿಕ್ಷಕಿಯವರನ್ನು ಮನಸಾರೆ ಅಭಿನಂದಿಸಿದೆ. ಅವರು ನಕ್ಕು, ಒಬ್ಬ ಹುಡುಗಿಯನ್ನು ಕರೆದು, "ಈ ಡಬ್ಬಿಯಿಂದ ಸರ್ ಕೈಗೆ ಏಳು ಬೀಜ ಕೊಡಮ್ಮ" ಎಂದರು. ಆಕೆ ಒಂದು ಹಿಡಿ ಬೀಜ ತೆಗೆದು ನನ್ನ ಕೈಗಿತ್ತಳು. ಎಣಿಸಿ ನೋಡಿದರೆ ಹದಿಮೂರು. ಐವತ್ತರವರೆಗೆ ಹಾಡಬಲ್ಲ ಆ ಮಗುವಿಗೆ ಏಳು ಎಂಬುದು ಇನ್ನೂ ಒಂದು ಶಬ್ದ ಮಾತ್ರವಾಗಿತ್ತು, ಪ್ರಮಾಣವಾಗಿರಲಿಲ್ಲ.

ಶಿಕ್ಷಕಿಯವರು ಅನುಭವದಿಂದ ಕಂಡುಕೊಂಡಿದ್ದ ಈ ಪರೀಕ್ಷೆಯನ್ನು ಮನಶ್ಶಾಸ್ತ್ರಜ್ಞರೂ ಬಳಸಿದ್ದಾರೆ. ಕೇಳಿದಷ್ಟು ವಸ್ತುಗಳನ್ನು ಎತ್ತಿಕೊಡುವಂತೆ ಮಕ್ಕಳಿಗೆ ಹೇಳುವ ವಿಧಾನವನ್ನು ಕ್ಯಾರನ್ ವಿನ್ ಅವರು 1990ರ ತಮ್ಮ ಅಧ್ಯಯನದಲ್ಲಿ ಉಪಯೋಗಿಸಿ, ಎಣಿಕೆಯ ಪದಗಳ ಸರಣಿಯನ್ನು ಬಲ್ಲ ಮಗು ಅವುಗಳ ಅರ್ಥವನ್ನು ಒಂದೊಂದಾಗಿ, ನಿಧಾನವಾಗಿ ಗಳಿಸಿಕೊಳ್ಳುತ್ತದೆಂದು ತೋರಿಸಿದರು. ಅದಕ್ಕೂ ಮುಂಚೆ, 1978ರಲ್ಲಿ, ರೋಶೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ ಎಣಿಕೆಯ ಐದು ತತ್ತ್ವಗಳನ್ನು ಗುರುತಿಸಿದ್ದರು. ಒಂದು ವಸ್ತುವಿಗೆ ಒಂದೇ ಪದ ಸಲ್ಲಬೇಕು. ಪದಗಳ ಅನುಕ್ರಮ ಬದಲಾಗಬಾರದು. ಕೊನೆಗೆ ಉಚ್ಚರಿಸಿದ ಪದವೇ ಗುಂಪಿನ ಒಟ್ಟು ಮೊತ್ತ. ಯಾವ ಬಗೆಯ ವಸ್ತುವನ್ನಾದರೂ ಎಣಿಸಬಹುದು. ಎಲ್ಲಿಂದ ತೊಡಗಿದರೂ ಮೊತ್ತ ಒಂದೇ. ನಮ್ಮ ತರಗತಿಗಳ ಸಾಮೂಹಿಕ ಪಠನ ಇವುಗಳಲ್ಲಿ ಎರಡನೆಯದನ್ನು ಮಾತ್ರ ಕಲಿಸುತ್ತದೆ. ಉಳಿದ ನಾಲ್ಕಕ್ಕೆ ಕೈಯಲ್ಲಿ ವಸ್ತುವಿರಬೇಕು, ಎದುರಿಗೆ ಇನ್ನೊಬ್ಬನಿರಬೇಕು, ತಪ್ಪಿದರೆ ಕಳೆದುಕೊಳ್ಳುವಂಥದು ಏನಾದರೂ ಇರಬೇಕು. ಈ ಮೂರೂ ಕೂಡಿದರೆ ಅದೇ ಆಟ.

ಇದು ಹೊಸ ವಿಚಾರವೇನಲ್ಲ. ಮುಂಬಯಿಗೆ ದೂರವಲ್ಲದ ಬೋರ್ಡಿಯಲ್ಲಿ 1945ರಲ್ಲಿ ತಾರಾಬಾಯಿ ಮೋಡಕ್ ಅವರು ಗ್ರಾಮ ಬಾಲಶಿಕ್ಷಣ ಕೇಂದ್ರವನ್ನು ತೊಡಗಿಸಿ, ಬಳಿಕ ಕೋಸಬಾಡದಲ್ಲಿ ಅನುತಾಯಿ ವಾಘ್ ಅವರೊಡನೆ ಬೆಳೆಸಿದಾಗ, ದುಬಾರಿ ಉಪಕರಣಗಳ ಬದಲು ಕಲ್ಲು, ಎಲೆ, ಬೀಜ, ಕಡ್ಡಿಗಳನ್ನೇ ಬೋಧನಸಾಮಗ್ರಿಯಾಗಿ ಮಾಡಿಕೊಂಡಿದ್ದರು. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯೂ ಚಟುವಟಿಕೆಯನ್ನೇ ಕಲಿಕೆಯ ನಡುಮನೆಗೆ ತಂದಿತು. 2021ರ ನಿಪುಣ ಭಾರತ ಯೋಜನೆ ಮೂರನೆಯ ತರಗತಿಯ ಅಂತ್ಯಕ್ಕೆ ಪ್ರತಿ ಮಗುವಿಗೂ ಬುನಾದಿ ಅಕ್ಷರಜ್ಞಾನ, ಸಂಖ್ಯಾಜ್ಞಾನ ದೊರೆಯಬೇಕೆಂದು ಗುರಿಯಿಟ್ಟುಕೊಂಡ ಮೇಲೆ ಆಟಿಕೆ, ಆಟಗಳ ಮಾತು ಸರಕಾರಿ ಸುತ್ತೋಲೆಗಳಲ್ಲಿಯೂ ಕೇಳಿಬರುತ್ತಿದೆ. ಆದರೂ ನಾನು ಕುಳಿತಿದ್ದ ತರಗತಿಗೆ ತಪಾಸಣೆಗೆಂದು ಬಂದ ಅಧಿಕಾರಿಯೊಬ್ಬರು ನೆಲದ ಮೇಲಿನ ಸೀಮೆಸುಣ್ಣದ ಮನೆಗಳನ್ನು ನೋಡಿ, "ಪಾಠ ಯಾವಾಗ ಶುರು ಮಾಡ್ತೀರಿ?" ಎಂದು ಕೇಳಿದುದನ್ನು ಹೇಳದಿರಲಾರೆ.

ನಾಲ್ಕು ಭಾಷೆಗಳ ನಡುವಿನ ಎಣಿಕೆ

ಹೊರನಾಡಿನ ಮಗುವಿಗೆ ಒದಗುವ ವಿಶೇಷ ತೊಡಕು ಬೇರೊಂದಿದೆ. ಅಜ್ಜಿಯ ಬಳಿ ಒಂಜಿ, ರಡ್ಡ್, ಮೂಜಿ. ಶಾಲೆಯಲ್ಲಿ ಒಂದು, ಎರಡು, ಮೂರು. ಚಾಳಿನ ಅಂಗಳದಲ್ಲಿ ಏಕ್, ದೋನ್, ತೀನ್. ಕೈಗೆ ಸಿಕ್ಕ ಮೊಬೈಲಿನಲ್ಲಿ ಒನ್, ಟೂ, ಥ್ರೀ. ಹತ್ತರವರೆಗೆ ಇದರಿಂದ ಅಂಥ ಬಾಧೆಯಿಲ್ಲ. ಮಕ್ಕಳು ಹೆಸರುಗಳನ್ನು ಲೀಲಾಜಾಲವಾಗಿ ಬದಲಿಸಿಕೊಳ್ಳುತ್ತಾರೆ. ತೊಡಕು ಹುಟ್ಟುವುದು ಇಪ್ಪತ್ತನ್ನು ದಾಟಿದ ಮೇಲೆ.

ಒಂದು ದಿನ ಶಿಕ್ಷಕಿಯವರು ಉಕ್ತಲೇಖನವಾಗಿ "ಇಪ್ಪತ್ತೈದು" ಎಂದರು. ನನ್ನ ಪಕ್ಕದಲ್ಲಿದ್ದ ಹುಡುಗ ತನ್ನಷ್ಟಕ್ಕೆ "ಪಂಚವೀಸ್" ಎಂದು ಗುನುಗಿ ಸ್ಲೇಟಿನ ಮೇಲೆ 52 ಎಂದು ಬರೆದ. ಇದನ್ನು ಅಜಾಗರೂಕತೆ ಎಂದು ಬದಿಗೆ ತಳ್ಳಬಾರದು. ಮರಾಠಿಯಲ್ಲಿ ಬಿಡಿಯ ಅಂಕ ಮೊದಲು, ಹತ್ತರ ಅಂಕ ಆಮೇಲೆ: ಪಂಚ, ಅನಂತರ ವೀಸ್. ಕೇಳಿದ ಅನುಕ್ರಮದಲ್ಲಿಯೇ ಆತ ಬರೆದಿದ್ದ. ಮರಾಠಿಯಲ್ಲಿ 29 ಏಕೋಣತೀಸ್, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. 39 ಏಕೋಣಚಾಳೀಸ್, ನಲವತ್ತಕ್ಕೆ ಒಂದು ಕಡಿಮೆ. ಹೆಸರಿನಲ್ಲಿ ಮುಂದಿನ ಹತ್ತು, ಬರಹದಲ್ಲಿ ಹಿಂದಿನ ಹತ್ತು. ಹಿಂದಿಯ ಸ್ಥಿತಿಯೂ ಬಹುಮಟ್ಟಿಗೆ ಇದೇ. ಧ್ವನಿವ್ಯತ್ಯಾಸಗಳಿಂದಾಗಿ ಈ ಭಾಷೆಗಳ ಮಕ್ಕಳು ನೂರರವರೆಗಿನ ಹೆಸರುಗಳನ್ನು ಬಹುಪಾಲು ಬಿಡಿಬಿಡಿಯಾಗಿ ನೆನಪಿಡಬೇಕಾಗುತ್ತದೆ.

ಈ ಸಂಗತಿ 2019ರಲ್ಲಿ ಮಹಾರಾಷ್ಟ್ರದಲ್ಲಿ ದೊಡ್ಡ ವಾಗ್ವಾದಕ್ಕೆ ಕಾರಣವಾದುದನ್ನು ಇಲ್ಲಿ ಸ್ಮರಿಸಬೇಕು. ಆ ವರ್ಷ ಬಾಲಭಾರತಿಯ ಎರಡನೆಯ ತರಗತಿಯ ಹೊಸ ಗಣಿತ ಪಠ್ಯದಲ್ಲಿ 21ನ್ನು ಏಕವೀಸ್ ಎಂಬುದರ ಜೊತೆಗೆ ವೀಸ್ ಏಕ್ ಎಂದೂ ಓದಿಸುವ ಕ್ರಮವನ್ನು ತರಲಾಯಿತು. ಗಣಿತ ಸಮಿತಿಯ ನೇತೃತ್ವ ವಹಿಸಿದ್ದ ಗಣಿತಜ್ಞೆ ಮಂಗಲಾ ನಾರಳೀಕರ್ ಅವರು (ಅವರು 2023ರಲ್ಲಿ ನಿಧನರಾದರು) ಎಳೆಯ ಮಕ್ಕಳಿಗೆ ಜೋಡಕ್ಷರಗಳಿಂದ ಕೂಡಿದ ಸಂಖ್ಯಾನಾಮಗಳು ಕಠಿನವಾಗುತ್ತವೆಂದೂ ದಕ್ಷಿಣದ ಭಾಷೆಗಳಲ್ಲಿ ಹತ್ತನ್ನು ಮೊದಲು ಹೇಳುವ ಕ್ರಮ ರೂಢಿಯಲ್ಲಿದೆಯೆಂದೂ ಸಮರ್ಥಿಸಿಕೊಂಡರು. ವಿರೋಧಿಸಿದವರು ಮರಾಠಿಯ ಸೊಬಗು ಕೆಡುತ್ತದೆಂದರು. ವಾದದ ಸರಿತಪ್ಪುಗಳನ್ನು ನಿರ್ಣಯಿಸುವುದು ನನ್ನ ಕೆಲಸವಲ್ಲ. ಭಾಷೆಯ ರೂಢಿಯನ್ನು ಪಠ್ಯಪುಸ್ತಕದಿಂದ ಬದಲಿಸುವುದು ಸುಲಭವಲ್ಲವೆಂದೇ ನಾನೂ ಬಲ್ಲೆ. ನಮ್ಮ ದೃಷ್ಟಿಯಿಂದ ಗಮನಾರ್ಹವಾದದ್ದು ಇಷ್ಟು: ಮರಾಠಿಯ ಗಣಿತಜ್ಞರು ತಮ್ಮ ಮಕ್ಕಳಿಗೆ ಹೊಸದಾಗಿ ಕಟ್ಟಿಕೊಡಲು ಹೊರಟ ಸೌಕರ್ಯ ಕನ್ನಡದ ಮಗುವಿಗೆ ಹುಟ್ಟಿನೊಡನೆ ಬಂದದ್ದು. ಅದೇ ನಗರದಲ್ಲಿ ಆ ಮಗು ಅದನ್ನು ಕಳೆದುಕೊಳ್ಳುತ್ತಿದೆ.

ಕನ್ನಡ ಸಂಖ್ಯಾನಾಮಗಳ ರಚನೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಏಕೆಂದರೆ ಆಟಗಳನ್ನು ಹೆಣೆಯಬೇಕಾದದ್ದು ಈ ರಚನೆಯ ಮೇಲೆಯೇ. ಹಳಗನ್ನಡದಲ್ಲಿ ಹತ್ತಕ್ಕೆ ಪತ್ತು. ಪಕಾರ ಹಕಾರವಾದ ಮೇಲೆ ಒಂಟಿಯಾಗಿ ನಿಂತ ಪದ ಹತ್ತು ಆಯಿತು. ಪನ್ನೊಂದು, ಪನ್ನೆರಡು, ಪದಿಮೂಱುಗಳು ಹನ್ನೊಂದು, ಹನ್ನೆರಡು, ಹದಿಮೂರು ಆದವು. ಆದರೆ ಸಮಾಸದ ಒಡಲೊಳಗೆ ಹುದುಗಿದ ಪತ್ತು ಈ ಬದಲಾವಣೆಗೆ ಸಿಕ್ಕದೆ ತಪ್ಪಿಸಿಕೊಂಡಿತು. ಇಪ್ಪತ್ತು, ಎಪ್ಪತ್ತುಗಳಲ್ಲಿ ಅದು ಪಕಾರವಾಗಿಯೇ ಉಳಿಯಿತು. ಮೂವತ್ತು, ನಲವತ್ತು, ಐವತ್ತು, ಅರವತ್ತುಗಳಲ್ಲಿ ವಕಾರವಾಯಿತು. ಎಂಬತ್ತು, ತೊಂಬತ್ತುಗಳಲ್ಲಿ ಬಕಾರವಾಯಿತು. ಹೀಗಾಗಿ "ಹತ್ತು" ಎಂದು ಕಲಿತ ಮಗುವಿಗೆ "ವತ್ತು", "ಬತ್ತು" ಎಂಬುವೂ ಹತ್ತೇ ಎಂದು ತಾನಾಗಿ ಹೊಳೆಯಲಾರದು. ತುಳು ಮನೆಮಾತಿನ ಮಗು ಮಾತ್ರ ಇಲ್ಲಿ ಅದೃಷ್ಟಶಾಲಿ. ಅದರ ಅಜ್ಜಿ ಇಂದಿಗೂ ಪತ್ತ್ ಎಂದೇ ಹೇಳುತ್ತಾಳೆ. ತರಗತಿಯಲ್ಲಿ ಒಮ್ಮೆ ಇದನ್ನು ತೋರಿಸಿಕೊಟ್ಟಾಗ ತುಳು ಮಕ್ಕಳು ಇಪ್ಪತ್ತು, ಎಪ್ಪತ್ತುಗಳಲ್ಲಿ "ಪತ್ತ್ ಉಂಡು, ಪತ್ತ್ ಉಂಡು" ಎಂದು ಕುಣಿದರು. ಮನೆಮಾತು ಶಾಲೆಯ ಮಾತಿಗೆ ಅಡ್ಡಿ ಎಂದು ತಿಳಿದವರು ಆ ಹೊತ್ತಿನಲ್ಲಿ ಅಲ್ಲಿರಬೇಕಿತ್ತು.

ತೊಂಬತ್ತರ ವಿಚಾರ ಇನ್ನೂ ಸ್ವಾರಸ್ಯಕರ. ತಮಿಳಿನಲ್ಲಿ ತೊಂಬತ್ತನ್ನು ಸೂಚಿಸುವ ತೊಣ್ಣೂಱು ಎಂಬ ಪದದಲ್ಲಿ ನೂರರ ಹೆಸರು ಸೇರಿಕೊಂಡಿದೆ. ಒಂಬೈನೂರಕ್ಕೆ ಹೇಳುವ ತೊಳ್ಳಾಯಿರದಲ್ಲಿ ಸಾವಿರದ ಹೆಸರು ಸೇರಿದೆ. ಕನ್ನಡದಲ್ಲಿ ತೊಂಬತ್ತರೊಳಗೆ ಹತ್ತೇ ಇದೆ, ಒಂಬೈನೂರರೊಳಗೆ ನೂರೇ ಇದೆ. ವ್ಯವಸ್ಥೆ ಅಚ್ಚುಕಟ್ಟು. ಆದರೆ ಆ ಅಚ್ಚುಕಟ್ಟುತನದ ಬೆಲೆಯೆಂಬಂತೆ ಒಂಬತ್ತು, ಹತ್ತೊಂಬತ್ತು, ಎಂಬತ್ತು, ತೊಂಬತ್ತು ಎಂಬ ನಾಲ್ಕು ಪದಗಳು ಕಿವಿಗೆ ಒಂದೇ ಬಗೆಯಾಗಿ ಕೇಳುತ್ತವೆ. ಎಂಬತ್ತೊಂಬತ್ತರ ಮುಂದೆ ತೊಂಬತ್ತು ಬರುವಲ್ಲಿ ಎಡವದ ಮಗುವನ್ನು ನಾನು ಕಾಣಲಿಲ್ಲ. ಮರಾಠಿಯ ತೊಡಕು ಇಪ್ಪತ್ತರಿಂದಲೇ ತೊಡಗಿದರೆ ನಮ್ಮದು ಕೊನೆಯ ಇಪ್ಪತ್ತರಲ್ಲಿದೆ, ಅಷ್ಟೇ.

ಹಿಡಿಸೂಡಿ ಕಡ್ಡಿ

ಈ ರಚನೆಯನ್ನು ಕಣ್ಣಿಗೆ ಕಾಣಿಸುವಂತೆ ಮಾಡಲು ಶಿಕ್ಷಕಿಯವರು ಬಳಸಿದ ಸಾಧನ ತೆಂಗಿನ ಗರಿಯ ಕಡ್ಡಿ, ಹಿಡಿಸೂಡಿಯಿಂದ ಕಿತ್ತು ಗೇಣುದ್ದ ಮುರಿದದ್ದು. ಇಬ್ಬಿಬ್ಬರ ಜೋಡಿ. ಒಬ್ಬನು ದಾಳ ಹಾಕಿ ಬಿದ್ದಷ್ಟು ಕಡ್ಡಿಗಳನ್ನು ಎತ್ತಿಕೊಳ್ಳುತ್ತಾನೆ. ಹತ್ತು ಕೂಡಿದೊಡನೆ ನೂಲಿನಿಂದ ಕಟ್ಟಿ "ಒಂದು ಹತ್ತು" ಎಂದು ಕೂಗಿ ಮುಂದಿಡಬೇಕು. ಕಟ್ಟಲು ಮರೆತರೆ ಎದುರಾಳಿ ಒಂದು ಕಡ್ಡಿಯನ್ನು ಕಸಿದುಕೊಳ್ಳುತ್ತಾನೆ. ಆಟದುದ್ದಕ್ಕೂ ತನ್ನ ಬಳಿ ಎಷ್ಟಿದೆಯೆಂದು ಕೇಳಿದಾಗ ಕಟ್ಟುಗಳನ್ನು ಮುಟ್ಟಿ "ಇಪ್ಪತ್ತು", ಬಿಡಿಗಳನ್ನು ಮುಟ್ಟಿ "ಮೂರು", ಒಟ್ಟಿಗೆ "ಇಪ್ಪತ್ತಮೂರು" ಎಂದು ಹೇಳಬೇಕು. ಕೈ ಎಡದಿಂದ ಬಲಕ್ಕೆ ಚಲಿಸುವ ಕ್ರಮ, ಮಾತಿನ ಕ್ರಮ, ಬರೆಯುವ ಕ್ರಮ ಮೂರೂ ಇಲ್ಲಿ ಒಂದೇ. 52 ಬರೆದಿದ್ದ ಹುಡುಗ ಮೂರು ವಾರಗಳ ಬಳಿಕವೂ ಮರಾಠಿಯಲ್ಲಿಯೇ ಗುನುಗುತ್ತಿದ್ದ. ಆದರೆ ಬರೆಯುವ ಮುನ್ನ ಅವನ ಎಡಗೈ ಗಾಳಿಯಲ್ಲಿ ಎರಡು ಕಟ್ಟುಗಳನ್ನು ಮುಟ್ಟುತ್ತಿತ್ತು. ಅವನಿಂದ ಮರಾಠಿಯನ್ನು ಬಿಡಿಸುವ ಅಗತ್ಯ ನಮಗೆ ತೋರಲಿಲ್ಲ. ಎರಡು ದಾರಿಗಳಿವೆಯೆಂದು ತಿಳಿದವನು ದಾರಿ ತಪ್ಪುವುದಿಲ್ಲ.

ತೊಂಬತ್ತರ ಎಡವಟ್ಟಿಗೂ ಇದೇ ಕಡ್ಡಿಯೇ ಮದ್ದಾಯಿತು. ಎಂಟು ಕಟ್ಟು ಒಂಬತ್ತು ಬಿಡಿ ಇರುವಲ್ಲಿ ಇನ್ನೊಂದು ಕಡ್ಡಿ ಬಿದ್ದು ಒಂಬತ್ತನೆಯ ಕಟ್ಟು ಕಟ್ಟುವಾಗ ಅದರ ಹೆಸರನ್ನು ಕೇಳುವ ಮಗು, ಹಾಡಿನಲ್ಲಿ ಕೇಳಿದ್ದಕ್ಕಿಂತ ಬೇರೆಯಾಗಿ ಅದನ್ನು ಕೇಳಿಸಿಕೊಳ್ಳುತ್ತದೆ.

ಹಳೆಯ ಆಟಗಳೊಳಗಿನ ಲೆಕ್ಕ

ನಮ್ಮ ಜನಪದ ಆಟಗಳಲ್ಲಿ ಸಂಖ್ಯಾಜ್ಞಾನದ ಒಂದು ಪಠ್ಯಕ್ರಮವೇ ಅಡಗಿದೆ ಎಂದರೆ ಅತಿಶಯೋಕ್ತಿಯಾದೀತು. ಜಾನಪದದ ಮೇಲಿನ ಅಭಿಮಾನದಿಂದ ಹೀಗೆ ಹೇಳುವವರನ್ನು ವಿಚಾರಸಂಕಿರಣಗಳಲ್ಲಿ ಕೇಳಿದ್ದೇನೆ. ಆಟಗಳು ಹುಟ್ಟಿದ್ದು ಪಾಠ ಹೇಳಲಿಕ್ಕಲ್ಲ. ಆದರೆ ಕೆಲವು ಆಟಗಳ ನಿಯಮಗಳನ್ನು ಬಿಡಿಸಿ ನೋಡಿದರೆ ಅಚ್ಚರಿಯಾಗುವುದು ದಿಟ.

ಐದು ಕಲ್ಲಿನ ಆಟವನ್ನು ತೆಗೆದುಕೊಳ್ಳೋಣ. ಗಜ್ಜುಗವನ್ನೋ ಹರಳುಕಲ್ಲನ್ನೋ ಮೇಲಕ್ಕೆ ಎಸೆದು, ಅದು ಕೈಗೆ ಮರಳುವುದರೊಳಗೆ ನೆಲದ ಮೇಲಿನ ನಾಲ್ಕು ಕಲ್ಲುಗಳನ್ನು ಬಾಚಿಕೊಳ್ಳಬೇಕು. ಮೊದಲ ಸುತ್ತಿನಲ್ಲಿ ಒಂದೊಂದಾಗಿ, ಎರಡನೆಯದರಲ್ಲಿ ಎರಡೆರಡಾಗಿ, ಮೂರನೆಯದರಲ್ಲಿ ಮೂರು ಒಮ್ಮೆ, ಒಂದು ಒಮ್ಮೆ, ನಾಲ್ಕನೆಯದರಲ್ಲಿ ನಾಲ್ಕೂ ಒಟ್ಟಿಗೆ. ನಾಲ್ಕನ್ನು ಒಡೆಯುವ ಬಗೆಗಳಲ್ಲಿ ಬಿಟ್ಟುಹೋಗಿರುವುದು ಎರಡು, ಒಂದು, ಒಂದು ಎಂಬುದು ಮಾತ್ರ. ಎಸೆದ ಕಲ್ಲು ಗಾಳಿಯಲ್ಲಿರುವ ಕ್ಷಣಾರ್ಧದಲ್ಲಿ ಎಣಿಸಲು ಸಮಯವಿಲ್ಲ; ಮೂರು ಎಂಬುದನ್ನು ಕಣ್ಣು ಒಮ್ಮೆಗೇ ಹಿಡಿಯಬೇಕು. ಎಣಿಸದೆಯೇ ಕಿರುಸಂಖ್ಯೆಯನ್ನು ಗುರುತಿಸುವ ಈ ಶಕ್ತಿಯನ್ನು ಮನಶ್ಶಾಸ್ತ್ರಜ್ಞರು 1949ರಿಂದ ಪ್ರತ್ಯೇಕ ಹೆಸರಿಟ್ಟು ಅಭ್ಯಾಸ ಮಾಡುತ್ತ ಬಂದಿದ್ದಾರೆ. ಒಂದನೆಯ ತರಗತಿಯ ಪುಟ್ಟ ಕೈಗಳಿಗೆ ಎಸೆದು ಹಿಡಿಯುವುದು ಕಷ್ಟವಾದುದರಿಂದ, ಕಲ್ಲನ್ನು ಎಸೆಯುವ ಬದಲು ಒಮ್ಮೆ ಚಪ್ಪಾಳೆ ತಟ್ಟಿ ಬಾಚಿಕೊಳ್ಳುವಂತೆ ಸಡಿಲಿಸಲಾಯಿತು.

ಸರಿ-ಬೆಸವಂತೂ ಸಾಮಗ್ರಿಯೇ ಬೇಡದ ಆಟ. ಮುಷ್ಟಿಯೊಳಗಿನ ಹುಣಸೆಬೀಜ ಸರಿಯೋ ಬೆಸವೋ ಹೇಳಬೇಕು. ಬಳಿಕ ಜೋಡಿ ಜೋಡಿಯಾಗಿ ನೆಲದ ಮೇಲಿಟ್ಟು ತೀರ್ಮಾನಿಸಬೇಕು. ಒಂಟಿ ಬೀಜ ಉಳಿದರೆ ಬೆಸ. ಗೆದ್ದವನಿಗೆ ಬೀಜಗಳು. ದೊಡ್ಡ ತರಗತಿಗಳಲ್ಲಿ "ಎರಡರಿಂದ ನಿಶ್ಶೇಷವಾಗಿ ಭಾಗಿಸಲ್ಪಡುವ" ಎಂಬ ಭಯಂಕರ ವಾಕ್ಯದಿಂದ ನಾವು ಹೇಳಿಕೊಡುವುದು ಇದನ್ನೇ.

ಚೌಕಾಬಾರದ ವಿಚಾರದಲ್ಲಿ ಸ್ವಲ್ಪ ಎಚ್ಚರ ಬೇಕು. ಐದಕ್ಕೆ ಐದರ ಮನೆ. ಹೊರಸುತ್ತಿನಲ್ಲಿ ಹದಿನಾರು, ಒಳಸುತ್ತಿನಲ್ಲಿ ಎಂಟು, ನಡುವೆ ಒಂದು, ಒಟ್ಟು ಇಪ್ಪತ್ತೈದು. ನಾಲ್ಕು ಕವಡೆಗಳಲ್ಲಿ ಬಾಯಿ ಮೇಲಾಗಿ ಬಿದ್ದವುಗಳನ್ನು ಎಣಿಸಬೇಕು. ಮೂರು ಮೇಲಾದರೆ ಒಂದು ಕವುಚಿದೆ, ಎರಡಾದರೆ ಎರಡು. ನಾಲ್ಕರ ಪೂರಕಗಳು ಪ್ರತಿ ಎಸೆತದಲ್ಲಿಯೂ ಕಣ್ಣೆದುರಿಗೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕು. ಆದರೆ ನಾಲ್ಕೂ ಕವುಚಿದರೆ ಬಾರ, ಎಂಟು! ಒಂದೂ ಇಲ್ಲದಿರುವುದು ಎಂಟಾಗುವ ಈ ನಿಯಮ ದೊಡ್ಡವರಿಗೆ ರುಚಿ. ಸೊನ್ನೆಯನ್ನು ಇದೀಗ ಕಲಿಯುತ್ತಿರುವ ಮಗುವಿಗೆ ಗೊಂದಲ. "ಒಂದೂ ಇಲ್ಲವಲ್ಲ, ಎಂಟು ಹೇಗೆ?" ಎಂದು ಕೇಳಿದ ಹುಡುಗಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೊದಲ ಕೆಲವು ತಿಂಗಳು ಕವುಚಿದ ನಾಲ್ಕನ್ನು "ಸೊನ್ನೆ, ಇದ್ದಲ್ಲೇ ಇರು" ಎಂದು ಆಡಿಸಿ, ಆಮೇಲೆ ಹಳೆಯ ನಿಯಮಕ್ಕೆ ಮರಳುವುದು ಮೇಲೆಂದು ಕಂಡಿತು. ಸಂಪ್ರದಾಯಕ್ಕೆ ಇದರಿಂದ ಭಂಗವೇನೂ ಇಲ್ಲ.

ತುಳುನಾಡಿನ ಚೆನ್ನೆಮಣೆ ಈ ತರಗತಿಯ ಮಕ್ಕಳಲ್ಲಿ ಹಲವರ ಮನೆಯ ಆಟ. ಎರಡು ಸಾಲುಗಳಲ್ಲಿ ಏಳೇಳರಂತೆ ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕು ಕಾಯಿ, ಒಟ್ಟು ಐವತ್ತಾರು. ಒಂದು ಗುಳಿಯ ಕಾಯಿಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಒಂದು ವಸ್ತುವಿಗೆ ಒಂದೇ ಪದ ಎಂಬ ತತ್ತ್ವವನ್ನು ಕೈಗೇ ಕಲಿಸುವ ಆಟ ಇದಕ್ಕಿಂತ ಬೇರೆಯಿಲ್ಲ. ಒಂದು ಗುಳಿಗೆ ಎರಡು ಬಿದ್ದರೆ ಎದುರಾಳಿ ಸುಮ್ಮನಿರುವುದಿಲ್ಲ. ಎಲ್ಲಿಂದ ಎತ್ತಿದರೆ ಕೊನೆಯ ಕಾಯಿ ಎಲ್ಲಿ ಬಿದ್ದೀತು ಎಂದು ಮುಂದಾಗಿ ನೋಡುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಐದರ ಗುಳಿಯನ್ನು ಮುಟ್ಟದೆಯೇ ಕಣ್ಣಿನಿಂದ ಬಿತ್ತಿ ನೋಡುವ ಮಗು ಕೂಡುವ ಲೆಕ್ಕವನ್ನು ಮಾಡಿಯಾಗಿದೆ. ಮಣೆಯನ್ನು ಮುಂಬಯಿಗೆ ಹೊತ್ತು ತಂದವರು ಕಡಿಮೆ. ನೆಲದ ಮೇಲೆ ಸೀಮೆಸುಣ್ಣದ ಹದಿನಾಲ್ಕು ಸುತ್ತುಗಳು ಸಾಕಾದವು. ಮಂಜೊಟ್ಟಿ ಕಾಯಿಯ ಬದಲು ಹುಣಸೆಬೀಜ.

ಚೆನ್ನೆಯನ್ನು ಕುರಿತು 1986ರಲ್ಲಿ ಸ್ಟೂವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಎ. ಕೆ. ರಾಮಾನುಜನ್ ಸಂಪಾದಿಸಿದ ಭಾರತೀಯ ಜಾನಪದದ ಸಂಪುಟದಲ್ಲಿ ಪೀಟರ್ ಕ್ಲಾಸ್ ಬರೆದಿರುವುದನ್ನು ಜಾನಪದ ವಿದ್ಯಾರ್ಥಿಗಳು ಬಲ್ಲರು. ಸಿರಿ ಪಾಡ್ದನದ ಅಬ್ಬಗ-ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳವಾಗಿ, ಮಣೆಯ ಪೆಟ್ಟಿನಿಂದ ದುರಂತ ಸಂಭವಿಸುವ ಕಥೆಯನ್ನು ನೆನೆದು, ಒಡಹುಟ್ಟಿದವರು ಎದುರುಬದುರಾಗಿ ಆಡಬಾರದೆಂದು ಹಿರಿಯರು ಹೇಳುವುದುಂಟು. ತರಗತಿಯಲ್ಲಿ ಅವಳಿಗಳಿಬ್ಬರಿದ್ದರು. ಅವರ ಅಜ್ಜಿ ಶಾಲೆಗೆ ಬಂದು, "ಟೀಚರೇ, ಇವರಿಬ್ಬರನ್ನು ಮಾತ್ರ ಎದುರೆದುರು ಕೂರಿಸಬೇಡಿ" ಎಂದು ಕೇಳಿಕೊಂಡರು. ಕೂರಿಸಲಿಲ್ಲ. ಆಟದ ನಿಯಮವನ್ನು ಸಡಿಲಿಸಬಹುದು. ಅಜ್ಜಿಯ ಭಯವನ್ನು ಹಾಸ್ಯ ಮಾಡಿ ಗಣಿತ ಕಲಿಸಬೇಕಾಗಿಲ್ಲ.

ಹಾವು-ಏಣಿಯ ಒಂದು ಸಣ್ಣ ತಿದ್ದುಪಡಿ

ಎಲ್ಲರ ಮನೆಯಲ್ಲಿಯೂ ಇರುವ ಹಾವು-ಏಣಿಯ ಹಾಸು ಕೂಡ ಒಳ್ಳೆಯ ಸಾಧನವೇ, ಆದರೆ ಆಡುವ ಕ್ರಮ ಮುಖ್ಯ. ಹದಿನಾಲ್ಕರ ಮನೆಯಲ್ಲಿರುವ ಕಾಯಿಗೆ ಮೂರು ಬಿದ್ದರೆ ಮಕ್ಕಳು "ಒಂದು, ಎರಡು, ಮೂರು" ಎನ್ನುತ್ತ ನಡೆಸುತ್ತಾರೆ. ಹಾಗಲ್ಲದೆ ತಾವು ತುಳಿಯುವ ಮನೆಗಳ ಹೆಸರನ್ನೇ, ಅಂದರೆ "ಹದಿನೈದು, ಹದಿನಾರು, ಹದಿನೇಳು" ಎಂದೇ ಹೇಳಬೇಕೆಂಬುದು ನಿಯಮವಾಗಬೇಕು. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಅಮೆರಿಕದ ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗೆ ಒಂದರಿಂದ ಹತ್ತರವರೆಗಿನ ನೇರಸಾಲಿನ ಸರಳ ಆಟವನ್ನು ಕೆಲವೇ ಅವಧಿಗಳಲ್ಲಿ ಆಡಿಸಿ ಸಂಖ್ಯಾಜ್ಞಾನ ಹೆಚ್ಚಿದುದನ್ನು ಕಂಡರು; 2014ರಲ್ಲಿ ಎಲಿಡಾ ಲಾಸ್ಕಿಯವರೊಡನೆ ಸೀಗ್ಲರ್ ನಡೆಸಿದ ಅಧ್ಯಯನ, ಮನೆಯ ಸಂಖ್ಯೆಯನ್ನು ಹೇಳುತ್ತ ನಡೆದವರಿಗೇ ಅದರ ಫಲ ದೊರೆಯಿತೆಂದು ತೋರಿಸಿತು. ನಮ್ಮ ಮಕ್ಕಳಿಗೆ ಇದರಿಂದ ಇನ್ನೊಂದು ಲಾಭವಿದೆ. ಒಂದು, ಎರಡು, ಮೂರನ್ನು ಅವರು ಹೇಗೂ ಬಲ್ಲರು. ಬಾಯಿಗೆ ರೂಢಿಯಾಗಬೇಕಾದದ್ದು ಅರವತ್ತೇಳು, ಅರವತ್ತೆಂಟುಗಳು. ಮಾರುಕಟ್ಟೆಯ ಹಾಸಿನಲ್ಲಿ ಸಾಲುಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುವುದರಿಂದ ತೊಡಗುವವರಿಗೆ ಕಾರಿಡಾರಿನುದ್ದಕ್ಕೂ ಗೆರೆಯೆಳೆದು ಮಾಡಿದ ನೇರದಾರಿಯೇ ಲೇಸು.

ಮೂರು ಮತ್ತು ಮೂವರು

ಕನ್ನಡಕ್ಕೆ ವಿಶಿಷ್ಟವಾದ ಒಂದು ವ್ಯಾಕರಣಾಂಶವನ್ನು ಆಟವಾಗಿಸಿದ ಬಗೆಯನ್ನು ಇಲ್ಲಿ ವಿವರಿಸಬೇಕು. ಮೂರು ಕಲ್ಲು, ಮೂರು ಹಸು. ಆದರೆ ಮೂವರು ಮಕ್ಕಳು. ಒಬ್ಬರು, ಇಬ್ಬರು, ಮೂವರು, ನಾಲ್ವರು, ಐವರು: ಜನರನ್ನು ವಸ್ತುಗಳಂತೆ ಎಣಿಸದ ಈ ಕ್ರಮ ಹಿಂದಿಯಲ್ಲಿ ಹೀಗೆ ನೆಲೆನಿಂತಿಲ್ಲ. ಮುಂಬಯಿಯ ಕನ್ನಡ ಮಕ್ಕಳು "ಮೂರು ಹುಡುಗರು" ಎಂದೇ ಹೇಳುತ್ತಾರೆ. ತಿದ್ದಿದರೆ ಮರುದಿನ ಮರೆಯುತ್ತಾರೆ.

ಆಟ ಇಷ್ಟೇ. ಮಕ್ಕಳು ಅಂಗಳದಲ್ಲಿ ಸುತ್ತು ಓಡುತ್ತಿರುತ್ತಾರೆ. ಶಿಕ್ಷಕಿ "ಮೂವರು!" ಎಂದು ಕೂಗಿದೊಡನೆ ಮೂವರು ಮೂವರಾಗಿ ಕೈಹಿಡಿದು ನಿಲ್ಲಬೇಕು. "ಮೂರು!" ಎಂದು ಕೂಗಿದರೆ ಕದಲಬಾರದು, ಮೂರು ಎಂಬುದು ಕಲ್ಲಿಗೆ, ನಮಗಲ್ಲ. ಕದಲಿದವರು ಔಟು. ಎರಡು ವಾರಗಳಲ್ಲಿ "ಇಬ್ಬರು", "ನಾಲ್ವರು" ಅವರ ಬಾಯಲ್ಲಿ ತಾವಾಗಿ ಬರತೊಡಗಿದವು.

ಆದರೆ ಈ ಆಟದಲ್ಲಿ ನಾವು ನಿರೀಕ್ಷಿಸದ ಒಂದು ಗಣಿತವೂ ಹೊರಬಂತು. ಹನ್ನೊಂದು ಮಕ್ಕಳು. ಇಬ್ಬರು ಎಂದರೆ ಒಬ್ಬರು ಉಳಿದರು. ಮೂವರು ಎಂದರೆ ಇಬ್ಬರು, ನಾಲ್ವರು ಎಂದರೆ ಮೂವರು, ಐವರು ಎಂದರೆ ಮತ್ತೆ ಒಬ್ಬರು. ಒಂದು ಶನಿವಾರ, ಮೂರು ಸಲ ಉಳಿದುಹೋದ ಹುಡುಗಿಯೊಬ್ಬಳು ಅಳುತ್ತ, "ಟೀಚರ್, ಯಾರೂ ಉಳಿಯದ ನಂಬರ್ ಹೇಳಿ" ಎಂದಳು. ಶಿಕ್ಷಕಿ ಹುಣಸೆಬೀಜ ಹನ್ನೊಂದನ್ನು ಅವಳ ಮುಂದಿಟ್ಟು, "ನೀನೇ ಹುಡುಕು" ಎಂದರು. ಅವಳೂ ಉಳಿದವರೂ ಸೇರಿ ಎರಡು, ಮೂರು, ನಾಲ್ಕು, ಐದು, ಆರು ಎಂದು ಗುಂಪು ಮಾಡಿ ನೋಡಿದರು. ಅರ್ಧ ಗಂಟೆಯ ತರುವಾಯ, "ಹನ್ನೊಂದು ಆಗೋದೇ ಇಲ್ಲ, ಎಲ್ಲರೂ ಒಟ್ಟಿಗೆ ಇಲ್ಲ ಒಬ್ಬೊಬ್ಬರೇ" ಎಂದು ಘೋಷಿಸಿದರು. ಅವಿಭಾಜ್ಯ ಸಂಖ್ಯೆಯ ವ್ಯಾಖ್ಯೆಯನ್ನು ಆರು ವರ್ಷದವರ ಬಾಯಿಂದ ಕೇಳಿದ ನನಗೆ ಮಾತು ಹೊರಡಲಿಲ್ಲ.

ನವರಾತ್ರಿಯ ರಜೆ ಮುಗಿದು ಬಂದಾಗ ಹತ್ತು ಮಕ್ಕಳಿದ್ದರು. ಒಬ್ಬನನ್ನು ಮನೆಯವರು ಆಂಗ್ಲ ಮಾಧ್ಯಮಕ್ಕೆ ಸೇರಿಸಿದ್ದರು. ಆ ಶನಿವಾರ ಶಿಕ್ಷಕಿ "ಐವರು!" ಎಂದು ಕೂಗಿದಾಗ ಯಾರೂ ಉಳಿಯಲಿಲ್ಲ, "ಇಬ್ಬರು!" ಎಂದಾಗಲೂ ಉಳಿಯಲಿಲ್ಲ. ಮಕ್ಕಳು ಕುಣಿದಾಡಿದರು. ಶಿಕ್ಷಕಿ ಮಾತ್ರ ನನ್ನ ಕಡೆ ನೋಡಲಿಲ್ಲ.

ವಿಭಾಗದ ವಿದ್ಯಾರ್ಥಿಗಳಿಗೆ ಒಂದು ಕೆಲಸ

ಈ ಟಿಪ್ಪಣಿಗಳನ್ನು ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದಿಟ್ಟಾಗ ಅವರಲ್ಲಿ ಕೆಲವರು ಉತ್ಸಾಹ ತೋರಿದರು. ಅವರಿಗೆ ವಹಿಸಿದ ಕೆಲಸ ಸರಳವಾದದ್ದು: ತಮ್ಮ ಮನೆಯ, ನೆರೆಯ ಹಿರಿಯರಿಂದ ಎಣಿಕೆಯುಳ್ಳ ಆಟವೊಂದರ ನಿಯಮಗಳನ್ನು, ಆಡುವಾಗ ಬಳಸುವ ಪದಗಳೊಡನೆ, ಅವರ ಮಾತಿನಲ್ಲಿಯೇ ಬರೆದುಕೊಂಡು ಬರಬೇಕು, ಆ ಬಳಿಕ ಒಂದು ಮಧ್ಯಾಹ್ನವನ್ನು ಶಾಲೆಯಲ್ಲಿ ಕಳೆದು ಅದನ್ನು ಮಕ್ಕಳಿಗೆ ಆಡಿಸಬೇಕು. ಬರೆದು ತಂದ ನಿಯಮಗಳಲ್ಲಿ ಬಹುಪಾಲು ಆಡಿಸುವಾಗ ಅಪೂರ್ಣವೆಂದು ತಿಳಿದುಬಂತು. ಕಲಬುರಗಿ ಕಡೆಯ ಅಜ್ಜಿಯೊಬ್ಬರಿಂದ ಅಳಗುಳಿಮಣೆಯನ್ನು ಸಂಗ್ರಹಿಸಿದ ವಿದ್ಯಾರ್ಥಿ, ಖಾಲಿ ಗುಳಿ ಸಿಕ್ಕಾಗ ಏನು ಮಾಡಬೇಕೆಂದು ಕೇಳಲು ಮರೆತಿದ್ದ. ಮಕ್ಕಳು ಅದನ್ನು ಐದು ನಿಮಿಷದಲ್ಲಿ ಹಿಡಿದು ಕೇಳಿದರು. ಆತ ಮತ್ತೆ ಅಜ್ಜಿಯ ಬಳಿಗೆ ಹೋಗಬೇಕಾಯಿತು. ಆಟವನ್ನು ಕುರಿತು ಬರೆಯುವ ಜಾನಪದ ಸಂಶೋಧಕರು ತಮ್ಮ ಹಸ್ತಪ್ರತಿಯನ್ನು ಆರು ವರ್ಷದವರಿಂದ ಪರಿಶೀಲಿಸಿಕೊಳ್ಳುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ಅಜ್ಜಿ ಹೇಳಿಕಳಿಸಿದ ಉತ್ತರದೊಡನೆ ಆ ವಿದ್ಯಾರ್ಥಿ ಮುಂದಿನ ಶನಿವಾರ ಶಾಲೆಗೆ ಹೋದಾಗ ಮಕ್ಕಳು ಅದನ್ನು ಕೇಳಿಸಿಕೊಂಡು, ತಾವು ಆ ವಾರವಿಡೀ ಬೇರೊಂದು ನಿಯಮ ಮಾಡಿಕೊಂಡು ಆಡುತ್ತಿದ್ದೇವೆಂದೂ ಅದೇ ಚೆನ್ನಾಗಿದೆಯೆಂದೂ ತಿಳಿಸಿದರಂತೆ. ಎರಡನ್ನೂ ಬರೆದಿಟ್ಟುಕೊಳ್ಳಲು ಅವನಿಗೆ ಹೇಳಿದ್ದೇನೆ.